ತೆಗೆದ ಪಿತ್ತಕೋಶದಲ್ಲಿ ಕಲ್ಲು

ಸೋಮವಾರ, ಜೂನ್ 10, 2024. ಬೆಳಗ್ಗೆ ಹನ್ನೊಂದಕ್ಕೆ ಕೆನಡಾದ ಮಾರ್ಕಮ್‌ನ ಪೊಲೀಸ್ ಠಾಣೆಗೆ ಆಸ್ಪತ್ರೆಯೊಂದರಿಂದ ದೂರು ಬಂತು. ಬೇರೊಬ್ಬರ ಸರ್ಕಾರಿ ಹೆಲ್ತ್ ಕಾರ್ಡ್ ಹಿಡಿದು ಒಬ್ಬ ಹೆಂಗಸು ದಾಖಲಾಗಿದ್ದಾಳೆಂಬ ಅನುಮಾನ. ಕಾರ್ಡಿನ ಹೆಸರು ಶಾರದಮ್ಮ, ವಯಸ್ಸು ಅರವತ್ತಮೂರು. ಶಾರದಮ್ಮನ ಪಿತ್ತಕೋಶವನ್ನು ಮಾರ್ಚ್‌ನಲ್ಲೇ ಅದೇ ಆಸ್ಪತ್ರೆ ತೆಗೆದಿತ್ತು. ಈಗ ಹೊಟ್ಟೆ ಹಿಡಿದುಕೊಂಡು ಮಲಗಿರುವವಳ ಸ್ಕ್ಯಾನಿನಲ್ಲಿ ಪಿತ್ತಕೋಶ ಇದ್ದಲ್ಲೇ ಇದೆ, ಕಲ್ಲು ತುಂಬಿಕೊಂಡು. ರಕ್ತದ ಗುಂಪೂ ಬೇರೆ. ಗುರುತು ಖಚಿತವಾಗುವ ತನಕ ಆಪರೇಷನ್ ತಡೆಹಿಡಿಯಲಾಗಿತ್ತು.

ಹುಬ್ಬಳ್ಳಿ ಮೂಲದ ಡಿಟೆಕ್ಟಿವ್ ಶರ್ವಾಣಿ ಮತ್ತು ಕಾನ್‌ಸ್ಟೇಬಲ್ ಡೇವಿಡ್ ವಾರ್ಡಿಗೆ ಹೋದಾಗ ಆ ರೋಗಿ ಕಣ್ಣು ಮುಚ್ಚಿ ಏನನ್ನೋ ಪಠಿಸುತ್ತಿದ್ದರು.

"ನಾನೇ ಕಣಮ್ಮ ಶಾರದಮ್ಮ. ಹುಟ್ಟಿದಾಗಿಂದ ನಾನೇ."

ಆಕೆ ತೋರಿಸಿದ, ಕಾಯಂ ನಿವಾಸಿಗಳಿಗೆ ಕೊಡುವ ಪಿಆರ್ ಕಾರ್ಡ್ ಅಸಲಿ. ಪಾಸ್‌ಪೋರ್ಟಿನ ಮುದ್ರೆಗಳ ಪ್ರಕಾರ ಮಾರ್ಚ್ ಪೂರ್ತಿ ಭಾರತದಲ್ಲಿದ್ದರು. ಗಂಡನ ವರ್ಷಾಬ್ದಿಕಕ್ಕೆ ಮೈಸೂರಿಗೆ ಹೋಗಿದ್ದೆ, ಹೆಲ್ತ್ ಕಾರ್ಡು ಮನೆಯಲ್ಲೇ ಇತ್ತು ಎಂದರು. ಹಾಗಾದರೆ ಮಾರ್ಚ್‌ನಲ್ಲಿ ಇಲ್ಲಿ ಮಲಗಿದ್ದವಳು ಯಾರು?

ಮಾರ್ಚ್‌ನ ಆಪರೇಷನ್ ದಿನ ಇದ್ದ ನರ್ಸ್ ಸಿಕ್ಕಳು. ರೋಗಿ ಹೆಸರು, ಜನ್ಮದಿನ, ವಿಳಾಸ ಎಲ್ಲವನ್ನೂ ಪಾಠದಂತೆ ಒಪ್ಪಿಸಿದ್ದಳಂತೆ. ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಕೊರಳ ಸರ ತೆಗೆಯಿರಿ ಎಂದಾಗ, ಗಂಡ ಬದುಕಿರುವ ತನಕ ಆಗದು ಎಂದು ಅತ್ತಿದ್ದಳು. ಕೊನೆಗೆ ಸರಕ್ಕೆ ಟೇಪ್ ಅಂಟಿಸಿಯೇ ಆಪರೇಷನ್ ಮಾಡಿ, ಕರಿದದ್ದು ತಿನ್ನಬೇಡಿ ಎಂದು ಹೇಳಿ ಮನೆಗೆ ಕಳಿಸಿದ್ದರು. ಚಿನ್ನದ ಮೇಲಿನ ಆಸೆ ಇರಬೇಕು ಎಂದ ಡೇವಿಡ್. ಶರ್ವಾಣಿ ನೇರ ವಾರ್ಡಿಗೆ ಮರಳಿದಳು. ಶಾರದಮ್ಮನ ಕೊರಳು ಬರಿದಾಗಿತ್ತು.

"ಮಾರ್ಚ್‌ನ್ಯಾಗ ನಿಮ್ಮ ಥಾರ್ನ್‌ಹಿಲ್ ಮನ್ಯಾಗ ಯಾರಿದ್ರು, ಅಮ್ಮಾ?"

"ಮಗ, ಸೊಸೆ, ಮಗು. ಮತ್ತೆ ನನ್ನ ತಂಗಿ ಪದ್ಮಾ. ಮಗು ನೋಡ್ಕೊಳ್ಳೋಕೆ ವಿಸಿಟರ್ ವೀಸಾದಲ್ಲಿ ಬಂದ್ಳು. ಇನ್ನೂ ಇಲ್ಲೇ ಇದಾಳೆ."

"ನಿಮ್ಮ ಹಂಗ ಕಾಣ್ತಾರೇನು?"

"ಫೋಟೋದಲ್ಲಿ ಮಗನಿಗೇ ಗೊತ್ತಾಗಲ್ಲ, ಯಾರು ಯಾರು ಅಂತ."

"ಅವ್ರ ಯಜಮಾನ್ರು?"

"ಮೈಸೂರಲ್ಲಿ ಗಟ್ಟಿಮುಟ್ಟಾಗಿದಾರೆ..." ಶಾರದಮ್ಮನ ಕೈ ತನ್ನ ಕೊರಳ ಹತ್ತಿರ ಹೋಗಿ ಅಲ್ಲೇ ನಿಂತಿತು.

ಮಧ್ಯಾಹ್ನ ಶಾರದಮ್ಮನ ಮಗ ಸತ್ಯಪ್ರಕಾಶನನ್ನು ಯೂನಿಯನ್‌ವಿಲ್‌ನಲ್ಲಿದ್ದ ಅವನ ಆಫೀಸಿನಲ್ಲಿ ಬಂಧಿಸಲಾಯಿತು. ಅವನು ಅಲ್ಲಗಳೆಯಲಿಲ್ಲ. ಚಿಕ್ಕಮ್ಮನ ಕಲ್ಲು ಹಳೆಯದೆಂದು ವಿಸಿಟರ್ ಇನ್ಶೂರೆನ್ಸ್ ಕೈಬಿಟ್ಟಿತ್ತು. ವಿಸಿಟರಿಗೆ ಸರ್ಕಾರದ ಕಾರ್ಡಿಲ್ಲ. ಚಿಕ್ಕಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಅಮ್ಮನ ಜನ್ಮದಿನವನ್ನು ಬಾಯಿಪಾಠ ಮಾಡಿಸಿದ್ದ. ತುರ್ತು ಇದ್ದರೆ ಕಾರ್ಡಿಲ್ಲದಿದ್ದರೂ ಚಿಕಿತ್ಸೆ ಕೊಡುತ್ತಿದ್ದರಲ್ಲ, ಕೇಳಲಿಲ್ಲವೇಕೆ ಎಂದಳು ಶರ್ವಾಣಿ. ಕೇಳಿದರೆ ಚಿಕ್ಕಮ್ಮನ ವೀಸಾಕ್ಕೆ ಪೆಟ್ಟು ಬೀಳುತ್ತದೆಂದು ಹೆದರಿದ್ದನಂತೆ.

"ನನ್ನ ಎತ್ತಿ ಬೆಳೆಸಿದ್ದು ಇಬ್ರೂನು, ಮೇಡಂ. ಒಬ್ರಿಗುಂಟು, ಇನ್ನೊಬ್ರಿಗಿಲ್ಲ ಅಂತ ಹೆಂಗ್ ಹೇಳ್ಲಿ?"

"ಆ ರೆಕಾರ್ಡ್ ನಂಬಿ ನಿಮ್ಮ ತಾಯಿಗೆ ರಕ್ತ ಹಾಕಿದ್ರ ಏನಾಗ್ತಿತ್ತು?"

ಬೆಳಗ್ಗೆ ಅವನು ಆಫೀಸಿಗೆ ಹೊರಟ ಮೇಲೆಯೇ ಅಮ್ಮನಿಗೆ ನೋವು ಬಂದಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಎಂಬುದೇ ಅವನಿಗೆ ಆಗ ಗೊತ್ತಾದದ್ದು. ಲಿಫ್ಟಿನ ಮುಂದೆ ನಿಂತು, ಯಾವ ವಾರ್ಡು ಎಂದು ಕೇಳಿದ.

ಸಂಜೆ ಶಾರದಮ್ಮನ ದಾಖಲೆಯನ್ನು ಪದ್ಮಾಳದರಿಂದ ಬೇರ್ಪಡಿಸಿ ಆಪರೇಷನ್‌ಗೆ ಅನುಮತಿ ಸಿಕ್ಕಿತು. ಆಪರೇಷನ್ ಥಿಯೇಟರಿಗೆ ಒಯ್ಯುವ ಮೊದಲು ಶರ್ವಾಣಿ ಅವರಿಗೆ ಎಲ್ಲವನ್ನೂ ಹೇಳಿದಳು. ಪದ್ಮಾಳ ಹೇಳಿಕೆಯನ್ನೂ ಪಡೆಯಬೇಕಾಗುತ್ತದೆ ಎಂದಳು.

"ನಾನು ವಾಪಸ್ ಬಂದಾಗಿಂದ ಅವ್ಳು ಕರಿದದ್ದು ಮುಟ್ಟಿಲ್ಲ," ಎಂದರು ಶಾರದಮ್ಮ. "ಏನೋ ವ್ರತ ಅಂದ್ಕೊಂಡು ಅವ್ಳ ಜೊತೆ ನಾನೂ ತಿನ್ನೋದು ಬಿಟ್ಟಿದ್ದೆ."