ಅಮಾವಾಸ್ಯೆಗೊಮ್ಮೆ ಸಾಯುವ ಸರ್ವರ್

ಅಪ್ಪನ ಹತ್ತಿರ ಮೊಬೈಲ್ ಇರಲಿಲ್ಲ.

ಇದ್ದಿದ್ದರೆ ಈ ಕತೆ ಒಂದೇ ಫೋನಿಗೆ ಮುಗಿಯುತ್ತಿತ್ತು. "ಅಪ್ಪಾ, ಸ್ವಿಚ್ ಮುಟ್ಟಬ್ಯಾಡ!" ಅಷ್ಟೇ ಮಾತು.

ಇರಲಿಲ್ಲ. ಅದಕ್ಕೇ ಬೆಳಿಗ್ಗೆ ಹತ್ತೂ ಹತ್ತಕ್ಕೆ ನಾನು ಪಣಜಿಯಿಂದ ಬೇತಿಂಗೆ ಹೋಗುವ ಫೆರಿಯ ಮೇಲೆ ಸ್ಕೂಟರ್ ಹಿಡಿದು ನಿಂತಿದ್ದೆ. ಬೆನ್ನಿಗೆ ಏನೋ ಚುಚ್ಚುತ್ತಿತ್ತು.

"ಇಷ್ಟ ಅವಸರದಾಗ ಎಲ್ಲಿಗ್ರಿ, ಡಾಕ್ಟರಕ್ಕಾ?"

ಪಾಂಡಪ್ಪ. ಐಸ್ ಫ್ಯಾಕ್ಟರಿಯ ಸಚಿನನ ಆಳು. ಎಮ್ಮೆಯ ಕೊರಳು, ಕೂಸಿನ ದನಿ. ಚುಚ್ಚುತ್ತಿದ್ದದ್ದು ಮೀನು ಸೀಳುವ ಚಾಕು.

"ಅಪ್ಪಗ ಬುತ್ತಿ ಕೊಡಾಕ."

"ಬುತ್ತಿ ಎಲ್ಲೈತ್ರಿ?"

ದಂಡೆ ಇನ್ನೂ ಎಷ್ಟು ದೂರ ಎಂದು ನೋಡಿದೆ.

"ಮೂರ ದಿನದಿಂದ ನಿಮ್ಮ ಹಿಂದ ಅದೇನ್ರಿ. ನೀವು ಮನ್ಯಾಗ ಇದ್ರ ಚಲೋ ಅಂದಾರ ಸಾಹೇಬ್ರು. ಮಾಂಡವಿ ಹೊಳಿ ಭಾಳ ಆಳ ಐತ್ರಿ."

"ನನಗ ಈಜು ಬರ್ತೈತಿ, ಪಾಂಡಪ್ಪ."

"ನನಗ ಬರಂಗಿಲ್ರಿ. ಅದಕ್ಕ ನಾ ದಬ್ಬತೇನಿ. ಜಿಗಿಯಂಗಿಲ್ಲ!"

ಸುತ್ತ ಮೀನಿನ ಬುಟ್ಟಿ, ಬೈಕು, ಹಾರ್ನಿನ ಗದ್ದಲ. ಯಾರೂ ಇತ್ತ ನೋಡಲಿಲ್ಲ. ಫೆರಿ ದಂಡೆ ಮುಟ್ಟಲು ಇನ್ನೂ ಎರಡು ನಿಮಿಷ.

ಅಷ್ಟರಲ್ಲಿ ಸಂಗತಿ ಹೇಳಿಬಿಡುತ್ತೇನೆ, ಕೇಳಿ.

ನಾನು ನಂದಾ. ಡಾಕ್ಟರ್ ಹೌದು, ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಕಂಪ್ಯೂಟರ್ ನೆಟ್‌ವರ್ಕಿಗೆ ನುಗ್ಗುವ ಕಳ್ಳರ ಮೇಲೆ ಸಂಶೋಧನೆ ಮಾಡಿ ಪದವಿ ಪಡೆದವಳು. ಚಿಂಬೆಲ್ಲಿನ ನಮ್ಮ ಓಣಿಗೆ ಅದು ಇನ್ನೂ ತಿಳಿದಿಲ್ಲ. ಜ್ವರ ಬಂದರೆ ನಮ್ಮ ಬಾಗಿಲಿಗೇ ಬರುತ್ತಾರೆ.

ಮೂರು ದಿನದ ಹಿಂದೆ ಸಾಂಖಳಿಯ ಒಂದು ಡಯಾಲಿಸಿಸ್ ಕೇಂದ್ರದ ಕಂಪ್ಯೂಟರುಗಳಿಗೆ ಯಾರೋ ಬೀಗ ಜಡಿದರು. ಹಣ ಕೊಟ್ಟರೆ ಕೀ. ಒಳಗೆ ನಲವತ್ತೊಂದು ರೋಗಿಗಳ ವಿವರ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧ ಆಗದು... ಎಲ್ಲ. ನರ್ಸುಗಳು ನೆನಪಿನ ಮೇಲೆ ಕೆಲಸ ಮಾಡಿದರು. ಒಬ್ಬರ ವಿಷಯದಲ್ಲಿ ನೆನಪು ತಪ್ಪಿತು. ಆ ಮನುಷ್ಯ ಐಸಿಯುನಲ್ಲಿದ್ದ.

ಈ ಗುಂಪು ನನಗೆ ಹೊಸದಲ್ಲ. ಎರಡು ವರ್ಷದಿಂದ ಇವರ ಬೆನ್ನು ಹತ್ತಿದ್ದೆ. ಇವರು ಕೀಯನ್ನು ಡಿಸ್ಕಿನಲ್ಲಿ ಬರೆದಿಡುವುದಿಲ್ಲ. ಸರ್ವರಿನ ಮೆಮೊರಿಯಲ್ಲಷ್ಟೇ ಇಡುತ್ತಾರೆ. ಪೊಲೀಸರು ಬಂದರೆ ಕರೆಂಟ್ ತೆಗೆದರಾಯಿತು. ಸಾಕ್ಷಿಯೂ ಇಲ್ಲ, ಕೀಯೂ ಇಲ್ಲ.

ಒಂದು ಮಾತ್ರ ವಿಚಿತ್ರ. ಹಣ ಕೊಟ್ಟ ಕೆಲವರಿಗೂ ಕೀ ಸಿಕ್ಕಿರಲಿಲ್ಲ. ಯಾಕೆ?

ಹೋದ ವರ್ಷ ನಾನು ಅದಕ್ಕೆ ಉತ್ತರ ಬರೆದೆ. 'ಇದು ಉದ್ದೇಶಪೂರ್ವಕ ಕ್ರೌರ್ಯ. ಭಯ ಹುಟ್ಟಿಸಲು ಬೇಕೆಂದೇ ಕೀ ಅಳಿಸುತ್ತಾರೆ.' ಹದಿನಾಲ್ಕು ಪುಟದ ಸಂಶೋಧನಾ ಪೇಪರ್. ದೇಶವಿದೇಶದವರು ಅದನ್ನು ಉಲ್ಲೇಖಿಸಿದರು. ನನ್ನ ಹೆಸರು ನಿಂತದ್ದೇ ಅದರ ಮೇಲೆ.

ಆ ಸರ್ವರ್ ಎರಡು ವರ್ಷದಲ್ಲಿ ಇಪ್ಪತ್ತನಾಲ್ಕು ಸಲ ಸತ್ತು ಬದುಕಿತ್ತು. ಪ್ರತಿ ಸಲವೂ ಬೆಳಿಗ್ಗೆ, ಹತ್ತೂವರೆಯ ಆಸುಪಾಸು, ಅರ್ಧ ಗಂಟೆ. ರಿಪೇರಿ ಇರಬೇಕು ಎಂದುಕೊಂಡಿದ್ದೆ.

ಇವತ್ತು ಚಹಾ ಕುಡಿಯುವಾಗ ಅವ್ವ ಫಕೀರವ್ವ ಬೈಯುತ್ತಿದ್ದಳು.

"ಮನ್ಯಾಗಿನ ಟೆಂಗಿನಕಾಯಿ ನಿಮ್ಮಪ್ಪ ಒಯ್ದಾನ ನೋಡ! ಅಮಾಸಿ ಅಂತ. ಫ್ಯಾಕ್ಟರ್ಯಾಗ ಅದ್ಯಾವುದೋ ಕರೀ ಕಪಾಟ ಐತಂತ, ಮಿಣಿಮಿಣಿ ದೀಪದ್ದು. ಅದಕ್ಕೂ ಪೂಜಿ ಮಾಡ್ತಾನಂತ."

"ಹೆಂಗ ಮಾಡ್ತಾನವಾ?"

"ಹೆಂಗಂದ್ರ? ಬಂದ್ ಮಾಡಿ! ನಡ್ಯೂ ಮಷೀನಿಗೆ ಯಾರರ ಕುಂಕುಮ ಹಚ್ತಾರೇನ?"

ಲೋಟ ಕೆಳಗಿಟ್ಟೆ. ಲ್ಯಾಪ್‌ಟಾಪ್ ತೆರೆದೆ. ಗೋಡೆಯ ಕ್ಯಾಲೆಂಡರ್ ಇಳಿಸಿದೆ. ತಾರೀಖಿಗೆ ತಾರೀಖು ಇಟ್ಟು ನೋಡಿದೆ.

ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ಎಲ್ಲಾ ಅಮಾವಾಸ್ಯೆ! ಕೀ ಅಳಿಸಿದ್ದು ಅಪ್ಪನ ಪೂಜೆ; ಇವತ್ತು ಹತ್ತೂವರೆಗೆ ಸಾಂಖಳಿಯ ಕೀಯ ಸರದಿ.

ಅಪ್ಪ ಮಲಕಪ್ಪ. ಮೂವತ್ತು ವರ್ಷ ಬಂದರಿನಲ್ಲಿ ಮೂಟೆ ಹೊತ್ತ. ಈಗ ಬೇತಿಂನ ಐಸ್ ಫ್ಯಾಕ್ಟರಿಯ ವಾಚ್‌ಮನ್. ಆ ಕೆಲಸ ಕೊಟ್ಟವನು ಸಚಿನ, ಬೆಳಗಾವಿ ಕಡೆಯ ವ್ಯಾಪಾರಸ್ಥರ ಮಗ, ಒಂದು ಕಾಲಕ್ಕೆ ನನ್ನ ಕೈಕೆಳಗೆ ಸಂಶೋಧನೆಗೆ ಸೇರಿ ಅರ್ಧಕ್ಕೆ ಬಿಟ್ಟವನು. "ಗುರುಗಳ ತಂದಿ ಬಿಸಲಾಗ ಯಾಕ ದುಡೀಬೇಕ್ರಿ?" ಎಂದಿದ್ದ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಗಬೇಡಿ.

ಐಸ್ ಫ್ಯಾಕ್ಟರಿ! ತಂಪು ಜಾಗ. ಕರೆಂಟ್ ಬಿಲ್ ಎಷ್ಟು ಬಂದರೂ ಯಾರೂ ಕೇಳುವುದಿಲ್ಲ. ಇವನಿಗೆ ಪಾಠ ಹೇಳಿದ್ದು ನಾನೇ.

ಪೊಲೀಸರಿಗೆ ತಿಳಿಸಿದೆ. ಜೀಪು ಹೊರಟಿತು. ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ನಾನು ಫೆರಿ ಹತ್ತಿದೆ.

ಫೆರಿಯ ಮುಂದಿನ ಹಲಗೆ ಇಳಿಯತೊಡಗಿತು.

ಸ್ಕೂಟರಿನ ದೊಡ್ಡ ಸ್ಟ್ಯಾಂಡನ್ನು ಪಾಂಡಪ್ಪನ ಪಾದದ ಮೇಲೆ ಒತ್ತಿದೆ. ಕೂಸಿನ ದನಿ ನಿಜವಾಗಿಯೂ ಕೂಸಿನಂತೆ ಅತ್ತಿತು! ಚಾಕು ನನ್ನ ಕುರ್ತಾ ಸೀಳಿತು, ಚರ್ಮವನ್ನಲ್ಲ. ಹಲಗೆ ದಂಡೆ ಮುಟ್ಟುವ ಮೊದಲೇ ಗಾಡಿ ಹಾರಿಸಿದೆ. ಹಿಂದೆ ಅವನ ಬೈಕಿನ ಸದ್ದು. ಜೆಟ್ಟಿಯ ಓಣಿ, ಒಣಮೀನು, ನಾಯಿ, ಬಲೆ... ಒಂದು ಬುಟ್ಟಿ ಬಂಗಡೆ ನೆಲಕ್ಕೆ. ಯಾರೋ ಕೊಂಕಣಿಯಲ್ಲಿ ನನ್ನ ವಂಶ ಜಾಲಾಡಿದರು.

ಹತ್ತೂ ಇಪ್ಪತ್ತಾರು.

ಒಳಗಿನ ಕೋಣೆಯಲ್ಲಿ ಅಪ್ಪ ಬರಿಗಾಲಲ್ಲಿ ನಿಂತಿದ್ದ. ತಟ್ಟೆಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ. ಕರಿ ಕಪಾಟಿನ ಮೇಲೆ ಹಳೆಯ ವಿಭೂತಿಯ ಗೆರೆ. ಯುಪಿಎಸ್ ಮೇಲೂ; ಅದರ ಬ್ಯಾಟರಿಯ ವೈರನ್ನು ಆಗಲೇ ಕಳಚಿಟ್ಟಿದ್ದ. ಅವನ ಕೈ ಮೇನ್ ಸ್ವಿಚ್ಚಿನ ಮೇಲಿತ್ತು.

"ಅಪ್ಪಾ! ಕೈ ತಗಿ!"

"ಚಪ್ಪಲಿ ಬಿಟ್ಟ ಬಾ ಮೊದಲ."

"ಅಪ್ಪಾ!!"

ತೆಗೆದ. ಪೆನ್‌ಡ್ರೈವ್ ಚುಚ್ಚಿದೆ. ಮೆಮೊರಿ ನಕಲಾಗಲು ಒಂಬತ್ತು ನಿಮಿಷ ಎಂದಿತು ಪರದೆ.

ಐದನೇ ನಿಮಿಷಕ್ಕೆ ಸಚಿನ ಬಂದ. ಹಿಂದೆ ಕುಂಟುತ್ತ ಪಾಂಡಪ್ಪ, ಕೈಯಲ್ಲಿ ಐಸ್ ಒಡೆಯುವ ಕೊಡಲಿ.

"ನಮಸ್ಕಾರ್ರಿ ಮೇಡಂ. ನಿಮ್ಮ ಪೇಪರ್ ಓದೇನ್ರಿ. ಉದ್ದೇಶಪೂರ್ವಕ ಕ್ರೌರ್ಯ!" ನಕ್ಕ. "ನಾ ಅಷ್ಟ ಶ್ಯಾಣ್ಯಾ ಇಲ್ರಿ. ಕರೆಂಟ್ ಹೋಗಾಕತ್ತೈತಿ ಅಂತ ತಿಳಿದಿದ್ದೆ."

"ಕರೆಂಟ್ ಅಲ್ಲೋ. ಟೆಂಗಿನಕಾಯಿ."

ಅವನು ತಟ್ಟೆ ನೋಡಿದ. ಅಪ್ಪನನ್ನು ನೋಡಿದ. ನಗು ಆರಿತು.

"ಒಂದ ಮಾತು, ಮೇಡಂ. ಈ ಖೋಲಿ ಬಾಡಿಗಿ ಕರಾರು, ಇಂಟರ್ನೆಟ್ಟು, ಎಲ್ಲಾ ಮಲಕಪ್ಪನ ಹೆಸರಿಗೆ ಐತಿ. ಹೆಬ್ಬಟ್ಟ ಒತ್ಯಾನ. ಆ ಪೆನ್‌ಡ್ರೈವ್ ಪೊಲೀಸರ ಕೈಗೆ ಹೋದ್ರ ಮೊದಲ ಒಳಗ ಹೋಗಾಂವ ನಿಮ್ಮಪ್ಪ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಎರಡು ವರ್ಷದ ಹಿಂದೆ ಇವನು ಅಪ್ಪನಿಗೆ ಕೆಲಸ ಕೊಟ್ಟಾಗಲೇ ಮಾಡಬೇಕಿತ್ತು.

"ಏನಂತಾನ ಇವ?" ಅಪ್ಪ ಕೇಳಿದ.

"ಈ ಕಪಾಟಿನ್ಯಾಗ ನಲವತ್ತೊಂದು ಮಂದಿ ಜೀವದ ಕೀಲಿ ಐತಪ್ಪಾ. ನಾ ತಗೊಂಡ್ರ ನಿನ್ನ ಜೇಲಿಗೆ ಹಾಕ್ತಾರ."

ಅಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

"ಜೇಲಿನ್ಯಾಗ ಊಟ ಕೊಡ್ತಾರಿಲ್ಲ?"

"ಕೊಡ್ತಾರ."

"ಮತ್ತೇನ. ತಗೋ."

ಸಚಿನ ಮೇನ್ ಸ್ವಿಚ್ಚಿಗೆ ಹಾರಿದ. ಅದಕ್ಕೂ ಮೊದಲು ಅಪ್ಪ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ ಮುಚ್ಚಿ, ಚಿಲಕದ ಬಳೆಯೊಳಗೆ ಬೆರಳು ತೂರಿಸಿ ಹಿಡಿದುಬಿಟ್ಟಿದ್ದ. ಮೂಟೆ ಹೊತ್ತ ಕೈ. ಸಚಿನ ಜಗ್ಗಿದ. ಅಲುಗಲಿಲ್ಲ.

"ಪಾಂಡ್ಯಾ! ಹೊಡಿ!"

"ಮುದುಕ್ರೀ ಸಾಹೇಬ್ರ..."

"ಹೊಡಿಯೋ!"

ಎಂಬತ್ತೆಂಟು ಪರ್ಸೆಂಟ್.

ಮೊದಲ ಏಟು ಕಬ್ಬಿಣಕ್ಕೆ ಬಿತ್ತು.

ತೊಂಬತ್ನಾಲ್ಕು.

ಎರಡನೆಯದು ಕಬ್ಬಿಣಕ್ಕೆ ಬೀಳಲಿಲ್ಲ.

ಅಪ್ಪ ಕೂಗಲಿಲ್ಲ. ಉಳಿದ ಬೆರಳಲ್ಲಿ ಹಿಡಿದೇ ಇದ್ದ. ಪಾಂಡಪ್ಪ ಕೊಡಲಿ ಬಿಸಾಕಿ, "ಅವ್ವಾ..." ಎನ್ನುತ್ತ ಗೋಡೆಗೆ ಒರಗಿ ಕುಸಿದ. ಕೊಡಲಿಗೆ ಬಗ್ಗಿದವನು ಸಚಿನ.

ನನ್ನ ಕೈಗೆ ಸಿಕ್ಕಿದ್ದು ಪೂಜೆಯ ತೆಂಗಿನಕಾಯಿ.

ಅವನ ಹಣೆಗೇ ಒಡೆದೆ. ಸರಿಯಾಗಿ ಎರಡು ಹೋಳಾಯಿತು.

ನೂರು ಪರ್ಸೆಂಟ್.

ಪೊಲೀಸ್ ಜೀಪು ಆಮೇಲೆ ಬಂತು.

ಆ ಸಂಜೆಯೇ ಸಾಂಖಳಿಯ ಬೀಗ ಬಿಚ್ಚಿತು. ನಲವತ್ತೊಂದು ಜನರೂ ಬದುಕಿದರು, ಐಸಿಯುನವನೂ. ಪೆನ್‌ಡ್ರೈವ್, ಕರಾರು, ಅಪ್ಪನ ಹೆಬ್ಬೆಟ್ಟು, ಎಲ್ಲವನ್ನೂ ನಾನೇ ಪೊಲೀಸರಿಗೆ ಒಪ್ಪಿಸಿದೆ. ಆಸ್ಪತ್ರೆಯಿಂದ ಅಪ್ಪನನ್ನು ಸೀದಾ ಒಳಗೆ ಹಾಕಿದರು. ಎಲ್ಲಾ ಸಚಿನನದೇ ಎಂದು ಪಾಂಡಪ್ಪ ಬಾಯಿ ಬಿಟ್ಟ ಮೇಲೆ ಅಪ್ಪನನ್ನು ಹೊರಗೆ ಬಿಟ್ಟರು. "ಊಟ ಚಲೋ ಇರಲಿಲ್ಲ" ಎಂದ ಅಪ್ಪ.

ಪೇಪರನ್ನು ವಾಪಸ್ ಪಡೆದೆ. ಕಾರಣ ಬರೆಯಿರಿ ಎಂದರು ಪ್ರಕಟಿಸಿದವರು. 'ತೆಂಗಿನಕಾಯಿ' ಎಂದು ಬರೆದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡರು.

ಅಪ್ಪನಿಗೊಂದು ಮೊಬೈಲ್ ಕೊಡಿಸಿದ್ದೇನೆ. ಅಮಾವಾಸ್ಯೆ ದಿನ ಅದನ್ನೂ ಬಂದ್ ಮಾಡಿ ಕುಂಕುಮ ಹಚ್ಚುತ್ತಾನೆ.

ಹೋದದ್ದು ಇಷ್ಟು. ಅಪ್ಪನ ಎರಡು ಬೆರಳು, ಜೈಲಿನ ಹತ್ತೊಂಬತ್ತು ದಿನ, ನನ್ನ ಹದಿನಾಲ್ಕು ಪುಟ, ಒಂದು ತೆಂಗಿನಕಾಯಿ.