ಹಳೇ ಮಷೀನ್ ಅಳಿಸಲ್ಲ

"ಒಂದು ಪ್ರತಿ ತೆಗೆದಿಟ್ಕೊಳ್ದೆ ಅಪ್‌ಡೇಟ್ ಹಾಕಿದೀಯಲ್ಲ, ನಿನಗೇನು ಬಂದಿತ್ತು ದೊಡ್ಡ ರೋಗ?"

ಸರ್ವರ್ ರೂಮಿನ ಬಾಗಿಲಲ್ಲೇ ಅವಳು ಗಡ್ಡಪ್ಪನನ್ನು ತರಾಟೆಗೆ ತೆಗೆದುಕೊಂಡಳು. ಆ ರಕ್ತಪರೀಕ್ಷೆ ಲ್ಯಾಬಿನ ಬ್ಯಾಕಪ್ಪೆಲ್ಲ ಅವಳ ಜವಾಬ್ದಾರಿ, ರಿಪೋರ್ಟುಗಳ ಸಾಫ್ಟ್‌ವೇರ್ ಅವನದು. ಬೆಳಿಗ್ಗೆ ಹತ್ತೂವರೆಗೆ ಅವನು ಹಾಕಿದ ಅಪ್‌ಡೇಟಿಗೆ ರಿಪೋರ್ಟುಗಳ ವರ್ಚುವಲ್ ಮಷೀನ್, ಅಂದರೆ ಸರ್ವರಿನೊಳಗೇ ಓಡುವ ಕಂಪ್ಯೂಟರ್, ಮಕಾಡೆ ಮಲಗಿತ್ತು.

"ತಪ್ಪಾಯ್ತು," ಅಂದ ಗಡ್ಡಪ್ಪ, ಅಷ್ಟೇ. ಇನ್ನಷ್ಟು ಬೈಯಬೇಕೆಂದಿದ್ದವಳಿಗೆ ಆ ಬಾಡಿದ ಮುಖ ನೋಡಿ ಕರುಳು ಚುರ್ ಎಂದಿತು. ಹಾಳಾದ ಕರುಳು, ಹೊತ್ತುಗೊತ್ತು ಬೇಡವೇ ಅದಕ್ಕೆ!

ಅಷ್ಟರಲ್ಲಿ ಲ್ಯಾಬಿನ ಯಜಮಾನರು ಬಂದರು. ಅವಳ ಸ್ವಂತ ಚಿಕ್ಕಪ್ಪ, ಗಡ್ಡಪ್ಪನನ್ನು ಕಂಡರೆ ಆಗದವರು.

"ರಾತ್ರಿಯ ಬ್ಯಾಕಪ್ ಇದೆಯಲ್ಲಮ್ಮ, ಹಳೇದನ್ನ ಅಳಿಸಿ ಅಲ್ಲೇ ರಿಸ್ಟೋರ್ ಮಾಡು. ಹತ್ತು ನಿಮಿಷದ ಕೆಲಸ."

"ಮಾಡಲ್ಲ ಚಿಕ್ಕಪ್ಪ. ಬೆಳಿಗ್ಗೆ ರಕ್ತ ಕೊಟ್ಟ ಇನ್ನೂರು ಜನರ ರಿಸಲ್ಟ್ ಆ ಡಿಸ್ಕಲ್ಲೇ ಇದೆ. ಮಷೀನ್ ಏಳ್ತಿಲ್ಲ, ಸತ್ತಿಲ್ಲ."

"ಇನ್ನೊಂದ್ಸಲ ರಕ್ತ ತೆಗೆದರಾಯ್ತು!"

"ಪುಟ್ಟ ಮಕ್ಕಳಿಗೆ ಮತ್ತೆ ಸೂಜಿ ನೀವು ಚುಚ್ತೀರಾ?"

ಚಿಕ್ಕಪ್ಪನ ಮುಖ ಕೆಂಪಾಯಿತು. "ಒಂದು ಗಂಟೆ ಕೊಡ್ತೀನಿ. ಆಗದಿದ್ರೆ ಇಬ್ಬರೂ ಮನೆಗೆ."

"ಆಗಲಿ," ಅಂದಳು. ಹೋಗಿ ಕೀಬೋರ್ಡಿನ ಮುಂದೆ ಕುಳಿತಳು.

ರಾತ್ರಿಯ ಬ್ಯಾಕಪ್ಪಿನಿಂದ ಬೇರೆ ಹೆಸರಿನಲ್ಲಿ, ಬೇರೆ ಜಾಗದಲ್ಲಿ ಹೊಸ ಮಷೀನ್ ಎಬ್ಬಿಸಿದಳು. ಪರೀಕ್ಷಿಸಿ ನೋಡುವ ತನಕ ಯಾರೂ ಮುಟ್ಟದಿರಲೆಂದು ನೆಟ್‌ವರ್ಕ್ ಕಡಿದಿಟ್ಟಳು. ಆಮೇಲೆ ಕೆಟ್ಟ ಮಷೀನಿನ ಡಿಸ್ಕಿನ ಒಂದು ಪ್ರತಿ ಮಾಡಿ ಹೊಸದಕ್ಕೆ ಸೇರಿಸಿದಳು. ಅದರೊಳಗಿಂದ ಬೆಳಗಿನ ರಿಸಲ್ಟುಗಳನ್ನು ಹುಡುಕಿ ತೆಗೆಯುವುದು ಗಡ್ಡಪ್ಪನ ಕೆಲಸ. ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದ.

"ಸ್ವಲ್ಪ ಆಚೆ ಸರಿ, ಗಡ್ಡ ಚುಚ್ಚುತ್ತೆ."

"ಬೋಳಿಸಿಬಿಡ್ಲಾ?"

"ಕತ್ತರಿ ಮುಟ್ಟಿ ನೋಡು, ಆಮೇಲಿದೆ ನಿನಗೆ!"

ಅವನು ತಿರುಗಿ ನೋಡಿದ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ, ಆದರೆ ಕಿವಿಯವರೆಗೂ ಕೆಂಪಾಗಿದ್ದಳು. ಅವನು ತುಟಿ ಕಚ್ಚಿ ನಗು ನುಂಗಿಕೊಂಡ.

ಐವತ್ತನೇ ನಿಮಿಷಕ್ಕೆ ಇನ್ನೂರಕ್ಕೆ ಇನ್ನೂರು ರಿಸಲ್ಟೂ ಬಂದವು. ಬೆಳಗಿನ ಪಟ್ಟಿಯೊಂದಿಗೆ ತಾಳೆ ನೋಡಿಯೇ ಅವಳು ನೆಟ್‌ವರ್ಕ್ ಜೋಡಿಸಿದಳು. ಹೊರಗೆ ಪ್ರಿಂಟರ್ ಗರಗರ ಅನ್ನತೊಡಗಿತು.

ಚಿಕ್ಕಪ್ಪ ರಿಪೋರ್ಟು ತಿರುವಿ ಹಾಕಿದರು. "ನೀನು ಗೆದ್ದೆ. ಇವನು ಮಾತ್ರ ನಾಳೆಯಿಂದ ಬರೋದು ಬೇಡ."

"ಹಾಗಾದ್ರೆ ನಾನೂ ಬರಲ್ಲ."

"ಇವನ್ಯಾರೇ ನಿನಗೆ?"

"ನಾನು ಮದುವೆಯಾಗೋ ಗಂಡು!"

ಗಡ್ಡಪ್ಪ ದಡಕ್ಕನೆ ಎದ್ದು ನಿಂತ. "ಹೌದಾ?"

"ಯಾಕೆ, ಬೇಡ್ವಾ?" ದನಿ ಗಡುಸಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿಬಂದಿತ್ತು.

ಅವನು ಯಜಮಾನರೆದುರೇ ಅವಳ ಕೈ ಹಿಡಿದುಕೊಂಡ. ಮೂರು ವರ್ಷ ಅವರನ್ನು ಸರ್ ಎನ್ನುತ್ತಾ ಗೋಡೆಗೆ ಅಂಟಿಕೊಂಡೇ ಓಡಾಡಿದವನು ತಲೆಯೆತ್ತಿ ನಿಂತ.

"ನಾಳೆ ಒಂಬತ್ತಕ್ಕೆಲ್ಲ ಬಂದಿರ್ತೀನಿ, ಚಿಕ್ಕಪ್ಪ."