ಹಿತಕಿದ ಬೇಳೆಯ ಕೊಲೆಗೆ ಬಂದ ಅಭಿಪ್ರಾಯಗಳು

“ಇದನ್ನು ಬರೆದವರು ಅಡುಗೆಮನೆಗೆ ಕಾಲಿಟ್ಟಿರುವುದು ನೀರು ಕುಡಿಯುವುದಕ್ಕೆ ಮಾತ್ರ. – ಮುತ್ಯಾಲಮ್ಮ, ಶ್ರೀನಿವಾಸಪುರ.”

ನನ್ನ ಮೊದಲ ಕಾದಂಬರಿಗೆ ಶ್ರೀನಿವಾಸಪುರದಿಂದ ಬಂದ ಮೊದಲ ಅಭಿಪ್ರಾಯ ಇದು. ಓದಿದಾಗ ಮುಳಬಾಗಿಲಿನ ವಾಚನಾಲಯದ ಬೆಂಚಿನ ಮೇಲೆ ಕೂತಿದ್ದೆ. ಮೈಯೆಲ್ಲ ಉರಿದುಹೋಯಿತು. ಉರಿದರೂ ಯಾರ ಹತ್ತಿರ ಹೇಳಿಕೊಳ್ಳಲಿ? ಬರೆದವನು ನಾನೆಂದು ಇಡೀ ಜಿಲ್ಲೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅದು ೧೯೩೮ನೇ ಇಸವಿ. ನನಗೆ ಇಪ್ಪತ್ತಾರು. ಹೆಸರು ಅಶ್ವತ್ಥಪ್ಪ, ಮುಳಬಾಗಿಲಿನ ಮಿಡಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ವಾಸ ಬಾಡಿಗೆ ಕೋಣೆಯಲ್ಲಿ, ಊಟ ಹೋಟೆಲಿನಲ್ಲಿ. ಮಕ್ಕಳಿಗೆ ಮಗ್ಗಿ ಹೇಳಿಸುವವನು ಕೊಲೆಯ ಕಥೆ ಬರೆಯುತ್ತಾನೆಂದು ತಿಳಿದರೆ ಹೆಡ್‌ಮಾಸ್ಟರು ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ‘ಹಿತಕಿದ ಬೇಳೆಯ ಕೊಲೆ’ ಅಚ್ಚಾದದ್ದು ‘ಗೂಢದರ್ಶಿ’ ಎಂಬ ಹೆಸರಿನಲ್ಲಿ.

ಆಗ ನಾವು ಕೆಲವು ಗೆಳೆಯರು ಸೇರಿ ಒಂದು ಪುಸ್ತಕದ ಪೆಟ್ಟಿಗೆಯನ್ನು ಊರೂರು ತಿರುಗಿಸುತ್ತಿದ್ದೆವು. ಕೋಲಾರದಲ್ಲಿ ಒಂದು ವಾರ, ಮಾಲೂರಿನಲ್ಲಿ ಒಂದು ವಾರ, ಆಮೇಲೆ ಮುಳಬಾಗಿಲು, ಶ್ರೀನಿವಾಸಪುರ, ಮತ್ತೆ ಕೋಲಾರ. ಪ್ರತಿ ಪುಸ್ತಕದ ಹಿಂದೆ ಬಿಳಿ ಹಾಳೆ ಹೊಲಿದಿತ್ತು. ಓದಿದವರು ಅಲ್ಲಿ ಅಭಿಪ್ರಾಯ ಬರೆದು ಹೆಸರು, ಊರು ಹಾಕಬೇಕು. ನಿಯಮ ಮಾಡಿದವನು ನಾನೇ. ನನ್ನ ಕಾದಂಬರಿಯನ್ನೂ ಮೆಲ್ಲಗೆ ಪೆಟ್ಟಿಗೆಗೆ ಸೇರಿಸಿ ಹೊಗಳಿಕೆಗೆ ಕಾದಿದ್ದೆ.

ಕಥೆ ಇಷ್ಟು. ಸಾಹುಕಾರನೊಬ್ಬ ಹಿತಕಿದ ಬೇಳೆ ಸಾರು ಉಂಡು ಸಾಯುತ್ತಾನೆ. ಅಡುಗೆಯ ಸುಬ್ಬಣ್ಣ ಒಬ್ಬನೇ ಕೂತು ಮೂರು ಸೇರು ಅವರೆ ಹಿತುಕಿ ಸಾರು ಮಾಡಿದ್ದರಿಂದ ಎಲ್ಲರಿಗೂ ಅವನ ಮೇಲೇ ಅನುಮಾನ. ಅವನು ನೀರು ತರಲು ಹೋದಾಗ ಸಾಹುಕಾರನ ಬಾಮೈದ ಒಳಗೆ ನುಗ್ಗಿ ವಿಷ ಹಾಕಿದನೆಂದು ಪತ್ತೇದಾರ ಕಂಡುಹಿಡಿಯುತ್ತಾನೆ. ನನ್ನ ಮಟ್ಟಿಗೆ ಅದಕ್ಕಿಂತ ಬಿಗಿಯಾದ ಕಥೆ ಕನ್ನಡದಲ್ಲಿ ಇರಲಿಲ್ಲ.

ಕೆಣಕಿದಂತಾಗಿ, ಸಾಮಾನ್ಯ ಓದುಗನ ಹಾಗೆ ಕೆಳಗೆ ಬರೆದೆ: “ಮುತ್ಯಾಲಮ್ಮನವರು ತಪ್ಪು ಯಾವುದೆಂದು ತೋರಿಸಿದರೆ ಉಪಕಾರವಾದೀತು. – ಅಶ್ವತ್ಥಪ್ಪ, ಮುಳಬಾಗಿಲು.”

ಮುಂದಿನ ತಿಂಗಳು ಉತ್ತರ ಬಂತು. “ಹಿತಕಿದ ಬೇಳೆಯನ್ನು ಒಬ್ಬರೇ ಕೂತು ಹಿತುಕುವ ಮನೆ ಈ ಸೀಮೆಯಲ್ಲಿಲ್ಲ. ನೆನೆಸಿದ ಕಾಳನ್ನು ಜಗಲಿಯ ಮೇಲೆ ಸುರಿದುಕೊಂಡು ಮನೆಯವರು, ಪಕ್ಕದ ಮನೆಯವರು ಎಲ್ಲ ಸುತ್ತ ಕೂರುತ್ತಾರೆ. ಮೂರು ಸೇರೆಂದರೆ ಐದಾರು ಜನ, ಅರ್ಧ ದಿನದ ಮಾತು. ಅಷ್ಟು ಹೆಂಗಸರ ಕಣ್ಣು ತಪ್ಪಿಸಿ ಬಾಮೈದ ಎಲ್ಲಿಂದ ನುಗ್ಗಿದ?”

ನಾನು ಬೆಚ್ಚಿಬಿದ್ದೆ. ಇನ್ನೂರು ಪುಟದ ನನ್ನ ಕಟ್ಟಡ ಒಂದೇ ಮಾತಿಗೆ ಕುಸಿದಿತ್ತು. ನಾನು ತಾಯಿಯಿಲ್ಲದೆ ಹಾಸ್ಟೆಲಿನಲ್ಲಿ ಬೆಳೆದವನು. ತಟ್ಟೆಗೆ ಬಂದ ಸಾರು ಗೊತ್ತಿತ್ತೇ ಹೊರತು ಜಗಲಿ ಗೊತ್ತಿರಲಿಲ್ಲ. ಆದರೂ ಸೋಲಲು ಮನಸ್ಸಿಲ್ಲದೆ ಬರೆದೆ: “ತಮ್ಮ ವಯಸ್ಸಿಗೂ ಅನುಭವಕ್ಕೂ ಗೌರವ ಕೊಟ್ಟು ಸುಮ್ಮನಾಗುತ್ತೇನೆ.” ಹೆಸರು, ಮಾತಿನ ಗತ್ತು ಎರಡನ್ನೂ ನೋಡಿ ಅರವತ್ತು ದಾಟಿದ ಅಜ್ಜಿಯೆಂದೇ ನಂಬಿದ್ದೆ.

“ನನ್ನ ವಯಸ್ಸಿಗೆ ಗೌರವ ಬೇಡ, ಬೇಳೆಗೆ ಕೊಡಿ,” ಎಂದು ಬಂತು ಉತ್ತರ.

ತಿಂಗಳಿಗೊಮ್ಮೆ ಬರುವ ಆ ನಾಲ್ಕು ಸಾಲಿಗೆ ನಾನು ಕಾಯತೊಡಗಿದೆ. ಪೆಟ್ಟಿಗೆ ಬಂದ ಕೂಡಲೇ ಬೇರೆ ಪುಸ್ತಕ ಮುಟ್ಟದೆ ಆ ಹಾಳೆ ತೆರೆಯುತ್ತಿದ್ದೆ. ನಾನೊಬ್ಬನೇ ಅಲ್ಲ, ನಾಲ್ಕೂ ಊರಿನವರಿಗೆ ಕಥೆಗಿಂತ ಹಾಳೆಯೇ ರುಚಿಸಿತ್ತು. ಕೋಲಾರದವರು ಅಜ್ಜಿಯ ಪಕ್ಷ. ಮಾಲೂರಿನ ನರಸಿಂಹಪ್ಪ ಎಂಬ ಹಾಸ್ಯಗಾರ ಮಾತ್ರ, “ಮೇಷ್ಟ್ರು ಸೋತರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಿದ್ದಾರೆ,” ಎಂದು ಇಬ್ಬರ ನಡುವೆ ತಿದಿ ಒತ್ತುತ್ತಿದ್ದ.

ಡಿಸೆಂಬರಿನಲ್ಲಿ ಬೆಂಗಳೂರಿನ ಪ್ರೆಸ್ಸಿನಿಂದ ಕಾಗದ ಬಂತು. ಎರಡನೇ ಮುದ್ರಣ, ತಿದ್ದುವುದಿದ್ದರೆ ಬೇಗ ಕಳಿಸಿ. ಅಜ್ಜಿಯ ಕಾಲಿಗೆ ಬಿದ್ದಾದರೂ ಬೇಳೆಯ ವಿದ್ಯೆ ಕಲಿತು ಬರೋಣವೆಂದು ಭಾನುವಾರ ಬೆಳಿಗ್ಗೆಯೇ ಹೊರಟೆ. ಕೋಲಾರದವರೆಗೆ ಬಸ್ಸು, ಅಲ್ಲಿಂದ ಚಿಕ್ಕ ರೈಲು.

ಶ್ರೀನಿವಾಸಪುರದಲ್ಲಿ ಪೆಟ್ಟಿಗೆ ಇಳಿಯುತ್ತಿದ್ದುದು ಮಾವಿನ ತೋಟದ ಕೋದಂಡರಾಮಪ್ಪನವರ ಮನೆಯಲ್ಲಿ. ಅಜ್ಜಿಯೂ ಆ ಮನೆಯವರೇ ಇರಬೇಕೆಂದು ಊಹಿಸಿದ್ದೆ. ಬೀದಿಯ ತಿರುವಿಗೇ ಅವರೆಯ ಸೊಗಡು ಮೂಗಿಗೆ ಬಡಿಯಿತು. ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು ಬೇಳೆ ಹಿತುಕುತ್ತ ಕೂತಿದ್ದರು. ಅವರಲ್ಲಿ ಬಿಳಿ ತಲೆಯ ಒಬ್ಬರಿದ್ದರು. ನಾನು ನೇರವಾಗಿ ಹೋಗಿ ಅವರಿಗೆ ಕೈಮುಗಿದೆ.

“ಮುತ್ಯಾಲಮ್ಮನೋರೇ, ನಾನು ಮುಳಬಾಗಿಲಿನ ಅಶ್ವತ್ಥಪ್ಪ.”

ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ತಿರುಗಿದೆ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಹಸಿರು ಸೀರೆ, ತೋಳಿನವರೆಗೆ ಅಂಟಿದ ಅವರೆ ಸಿಪ್ಪೆ. ನಗುವನ್ನು ತುಟಿಯಲ್ಲಿ ತಡೆದಿದ್ದಳು, ಕಣ್ಣಲ್ಲಿ ತಡೆಯಲಾಗಿರಲಿಲ್ಲ.

“ಅವ್ರು ನಮ್ಮ ಸೋದರತ್ತೆ ದೊಡ್ಡಗಂಗಮ್ಮ. ಮುತ್ಯಾಲಮ್ಮ ನಾನು, ಈ ಮನೆ ಮಗಳು. ನಮ್ಮಜ್ಜಿ ಹೆಸರು ಇಟ್ಟವ್ರೆ.”

ಆರು ತಿಂಗಳು ಜಗಳವಾಡಿದ್ದು ಈ ಕಣ್ಣುಗಳ ಜೊತೆಗೆ ಎಂಬುದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

“ಮತ್ತೆ... ವಯಸ್ಸಿನ ಮಾತು ಬಂದಾಗ ನೀವು ಹೇಳ್ಲೇ ಇಲ್ಲ?”

“ನೀವು ಕೇಳ್ಲೇ ಇಲ್ಲ. ಗೌರವ ತಾನಾಗೇ ಬರ್ತಿತ್ತು, ಯಾಕೆ ಬಿಡ್ಲಿ?”

“ರಾ ನಾಯ್ನಾ, ಕೂರ್ಚೋ,” ಎಂದು ತೆಲುಗಿನಲ್ಲೇ ಕೂರಲು ಹೇಳಿ ದೊಡ್ಡಗಂಗಮ್ಮ ಜಾಗ ಮಾಡಿಕೊಟ್ಟು, ನನ್ನ ಮುಂದೊಂದು ಹಿಡಿ ಕಾಳು ಸುರಿದರು. “ಕೈ ಕಟ್ಕೊಂಡು ಕೂತೋರ್ಗೆ ನಮ್ಮನೇಲಿ ಊಟ ಇಲ್ಲಪ್ಪ.”

ನಾನು ಹಿತುಕಿದ ಮೊದಲ ಬೇಳೆ ಸಿಡಿದು ಎದುರಿಗೆ ಕೂತಿದ್ದ ಪಕ್ಕದ ಮನೆಯವರ ಮಡಿಲಿಗೆ ಬಿತ್ತು. ಎರಡನೆಯದು ಜಜ್ಜಿಹೋಯಿತು.

“ಅಯ್ಯೋ, ಕತ್ತು ಹಿಸುಕ್ದಂಗೆ ಹಿಸುಕ್ಬೇಡಿ ಮೇಷ್ಟ್ರೇ. ಇಲ್ಲಿ ನೋಡಿ.” ಅವಳು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಸುಮ್ಮನೆ ಒತ್ತಿದಳು. ಬೇಳೆ ಜಾರಿ ಅಂಗೈಗೆ ಬಂತು. “ಅದಕ್ಕೆ ಹೊರಗೆ ಬರೋ ಮನಸ್ಸಿರ್ತದೆ. ನಾವು ದಾರಿ ತೋರಿಸ್ಬೇಕು ಅಷ್ಟೆ.”

ನಾನು ಬೇಳೆ ನೋಡಲಿಲ್ಲ, ಬೆರಳು ನೋಡಿದೆ. ಅವಳಿಗೆ ಅದು ತಿಳಿಯಿತು. ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು, ಆದರೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಹಾಗಾದ್ರೆ ಸಾಹುಕಾರನ್ನ ಕೊಲ್ಲೋದು ಹೇಗೆ?” ಎಂದೆ.

“ನಾನಾಗಿದ್ರೆ ಸಾರಿನ ತಂಟೆಗೇ ಹೋಗ್ತಿರ್ಲಿಲ್ಲ. ಸಾರು ಮನೆಮಂದಿಯೆಲ್ಲ ಉಣ್ತಾರೆ. ಮುದ್ದೆ ಮೇಲೆ ತುಪ್ಪ ಮೊದಲು ಬೀಳೋದು ಯಜಮಾನ್ರಿಗೆ ತಾನೆ? ತುಪ್ಪದ ಗಿಂಡಿಗೆ ಹಾಕ್ತಿದ್ದೆ.”

“ಲೇ, ಹೆಣ್ಣೇ! ಏನು ಮಾತು ಕಣೇ ಅದು!” ಎಂದು ದೊಡ್ಡಗಂಗಮ್ಮ ಬೈದರು. ಜಗಲಿಯೆಲ್ಲ ನಕ್ಕಿತು. ನಾನು ಮಾತ್ರ ಮನಸ್ಸಿನಲ್ಲೇ ಹದಿಮೂರನೇ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದೆ.

ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ತಂದಿಟ್ಟು ಅವಳು ಮೆಲ್ಲಗೆ ಕೇಳಿದಳು, “ಬರೆದೋರು ನಿಮಗೆ ಗೊತ್ತಾ ಮೇಷ್ಟ್ರೇ?”

ಹೇಳಬೇಕಾಗಿದ್ದ ಗಳಿಗೆ ಅದೇ. “ಮುಖ ಪರಿಚಯ,” ಎಂದುಬಿಟ್ಟೆ.

“ಸಿಕ್ರೆ ಒಂದು ಮಾತು ಹೇಳಿ. ಸುಬ್ಬಣ್ಣ ಜೈಲಿಂದ ಬಿಡುಗಡೆಯಾಗಿ ಮನೆಗೆ ಬಂದಾಗ ಹೆಂಡ್ತಿ ಒಂದೂ ಮಾತು ಕೇಳದೆ ಕಾಲಿಗೆ ನೀರು ಕೊಡ್ತಾಳಲ್ಲ, ಅದನ್ನ ಓದಿ ನಾನು ಅತ್ತುಬಿಟ್ಟೆ. ಹಾಳೇಲಿ ಬರೀಲಿಲ್ಲ. ಹೊಗಳಿದ್ರೆ ಆ ಮಹಾನುಭಾವ ತಲೆ ಮೇಲೆ ಕೂರ್ತಾರೆ ಅಂತ.”

ಹೊಗಳಿಕೆಗಾಗಿ ಆರು ತಿಂಗಳು ಕಾದವನಿಗೆ ಅದು ಸಿಕ್ಕಿತ್ತು. ಕಳ್ಳತನದಿಂದ ಸಿಕ್ಕಿತ್ತು. ಗೂಢದರ್ಶಿಗೆಂದು ಇಟ್ಟಿದ್ದ ಮಾತನ್ನು ಅಶ್ವತ್ಥಪ್ಪ ಕದ್ದು ಕೇಳಿದ್ದ. ಈಗ ನಿಜ ಹೇಳಿದರೆ ಅವಳ ಮುಖ ಹೇಗಾದೀತೆಂದು ಊಹಿಸಿಯೇ ಹೆದರಿದೆ. ಹೇಳದೆಯೇ ಎದ್ದು ಬಂದೆ. ಪ್ರೀತಿಸಿಬಿಟ್ಟಿದ್ದೇನೆಂದು ದಾರಿಯಲ್ಲಿ ಕೋಲಾರ ಬರುವಷ್ಟರಲ್ಲಿ ಸ್ಪಷ್ಟವಾಗಿ ಗೊತ್ತಾಗಿತ್ತು.

ಪೆಟ್ಟಿಗೆ ಮುಳಬಾಗಿಲಿಗೆ ಬಂದಾಗ ಆ ಗುಂಗಿನಲ್ಲೇ ಹಾಳೆಯ ಮೇಲೆ ಬರೆದೆ: “ಮುತ್ಯಾಲಮ್ಮನವರು ಹೇಳಿದ್ದೆಲ್ಲ ನಿಜ. ಅವರ ಜಗಲಿಯಲ್ಲಿ ಕೂತು ಹಿತುಕಿ, ಉಂಡು ಬಂದಿದ್ದೇನೆ. ಆ ಸಾರು ಬಡಿಸಿದ ಕೈಯನ್ನು ಕಾದಂಬರಿಕಾರ ನೋಡಿದ್ದರೆ ಕೊಲೆಯ ಕಥೆ ಬರೆಯುವ ಮನಸ್ಸೇ ಆಗುತ್ತಿರಲಿಲ್ಲ.”

ಬರೆದಾಗ ಬಹಳ ಚೆನ್ನಾಗಿದೆ ಅನ್ನಿಸಿತ್ತು. ನಾಲ್ಕು ಊರಿನವರು ಓದುವ ಹಾಳೆ ಅದೆಂದು ಬುದ್ಧಿಗೇ ಹೊಳೆಯಲಿಲ್ಲ.

ಫೆಬ್ರುವರಿಯಲ್ಲಿ ಪೆಟ್ಟಿಗೆ ಸುತ್ತಿ ಬಂದಾಗ ನರಸಿಂಹಪ್ಪನ ಸಾಲು ಕಾದಿತ್ತು: “ಮೇಷ್ಟ್ರು ಕೈ ನೋಡಿ ಬಂದಿದ್ದಾರೆ. ಕೈ ಹಿಡಿಯುವುದು ಯಾವಾಗ? ಮಾಲೂರಿನಿಂದ ಹದಿನೈದು ಜನ ಊಟಕ್ಕೆ ಬರುತ್ತೇವೆ.” ಅದೇ ದಿನದ ಟಪಾಲಿನಲ್ಲಿ ಕೋದಂಡರಾಮಪ್ಪನವರ ಕಾರ್ಡು. “ವೇಮಗಲ್‌ನ ನಮ್ಮ ನೆಂಟರು ಹುಡುಗಿಯನ್ನು ಕೇಳುತ್ತಿದ್ದರು. ಈಗ ಕೋಲಾರದಲ್ಲಿ ಹಾಳೆ ನೋಡಿ ಬಂದು, ಆ ಮೇಷ್ಟ್ರು ಯಾರು ಎಂದು ಕೇಳುತ್ತಿದ್ದಾರೆ. ನನ್ನ ಮಗಳ ಹೆಸರು ಬೀದಿಯ ಮಾತಾಯಿತು. ಇನ್ನು ಪೆಟ್ಟಿಗೆ ನಮ್ಮ ಮನೆಗೆ ಬೇಡ.”

ನನ್ನ ಮೋಜಿಗೆ ಅವಳು ಬೆಲೆ ತೆರುತ್ತಿದ್ದಳು. ಹಾಳೆ ಹರಿದು ಬಿಸಾಡೋಣ ಎನ್ನಿಸಿತು. ಹರಿದರೆ ಅವಳೇ ಏನೋ ತಪ್ಪು ಮಾಡಿದಂತಾಗುತ್ತದೆ. ಎಲ್ಲರೆದುರು ಕೆಡಿಸಿದ್ದನ್ನು ಎಲ್ಲರೆದುರೇ ಸರಿಮಾಡಬೇಕು. ಲೇಖನಿ ತೆಗೆದುಕೊಂಡು ನರಸಿಂಹಪ್ಪನ ಸಾಲಿನ ಕೆಳಗೆ ಬರೆದೆ:

“ಗೂಢದರ್ಶಿ ನಾನೇ. ಮುತ್ಯಾಲಮ್ಮನವರು ಬರೆದದ್ದು ಪುಸ್ತಕದ ತಪ್ಪನ್ನು ಮಾತ್ರ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಸಲ್ಲದ್ದಲ್ಲ. ಸುಳ್ಳು ನನ್ನದು. ಅವರ ಕೈಯ ಬಗ್ಗೆ ಬರೆದ ಉದ್ಧಟತನವೂ ನನ್ನದೇ. ಅದು ಹಾಸ್ಯಕ್ಕೆ ಬರೆದದ್ದಲ್ಲ, ಮನಸ್ಸಿನಿಂದ ಬಂದದ್ದು. ಅಂಥ ಮಾತನ್ನು ಮೊದಲು ಅವರಿಗೆ, ಅವರ ತಂದೆಗೆ ಹೇಳಬೇಕಿತ್ತು. ಈಗ ಹೇಳಲು ಹೋಗುತ್ತಿದ್ದೇನೆ. – ಅಶ್ವತ್ಥಪ್ಪ.”

ಹೆಡ್‌ಮಾಸ್ಟರು ಓದಿದರೆ ಓದಲಿ ಎಂದುಕೊಂಡೆ. ಆ ಭಾನುವಾರ ಪೆಟ್ಟಿಗೆಯನ್ನು ನಾನೇ ಹೊತ್ತುಕೊಂಡು ಶ್ರೀನಿವಾಸಪುರಕ್ಕೆ ಹೋದೆ.

ಕೋದಂಡರಾಮಪ್ಪ ಕೂರಲು ಹೇಳಲಿಲ್ಲ. ಹಾಳೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಒಳಗೆ ಕೇಳಿಸುವಂತೆ ಗಟ್ಟಿಯಾಗಿ ಮೂರನೇ ಸಲ ಓದಿದರು.

“ಮನಸ್ಸಿನಿಂದ ಬಂದದ್ದು ಅಂದ್ರೆ ಏನ್ರೀ ಅರ್ಥ?”

“ನಿಮ್ಮ ಮಗಳನ್ನ ಮದುವೆ ಮಾಡ್ಕೊಡಿ ಅಂತ ಕೇಳೋಕೆ ಬಂದಿದೀನಿ ಸ್ವಾಮಿ. ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ.”

ಅವರು ಬಾಗಿಲ ಕಡೆ ನೋಡಿದರು. ಮುತ್ಯಾಲಮ್ಮ ಅಲ್ಲಿ ನಿಂತಿದ್ದಳು. ಕಣ್ಣಲ್ಲಿ ಅವತ್ತಿನ ನಗು ಇರಲಿಲ್ಲ.

“ನಾನು ಅತ್ತಿದ್ದು ಹೇಳಿದಾಗ ನೀವೇ ಎದುರಿಗೆ ಕೂತಿದ್ರಿ,” ಎಂದಳು. “ಮುಖ ಪರಿಚಯ ಅಂದ್ರಿ.”

“ಹೌದು. ಹೇಳಿದ್ರೆ ನೀವು ಎದ್ದು ಒಳಗೆ ಹೋಗ್ಬಿಡ್ತೀರ ಅಂತ ಹೆದರ್ಕೊಂಡೆ. ಇನ್ನೊಂದು ಐದು ನಿಮಿಷ ನೀವು ಅಲ್ಲೇ ಇರ್ಬೇಕು ಅನ್ನೋ ಆಸೆ.”

ಅವಳು ತಂದೆಯ ಕಡೆ ತಿರುಗಿ, “ಅಪ್ಪ, ವೇಮಗಲ್‌ನೋರಿಗೆ ಬೇಡ ಅಂತ ಕಾಗದ ಹಾಕ್ಬಿಡಿ. ಹಾಳೆ ನೋಡಿ ಅನುಮಾನ ಪಡೋ ಮನೆಗೆ ನಾನು ಹೋಗಲ್ಲ,” ಎಂದಳು. ನನಗೆ ಒಂದು ಮಾತೂ ಹೇಳದೆ ಒಳಗೆ ಹೋದಳು.

ಕೋದಂಡರಾಮಪ್ಪ ಪುಸ್ತಕ ಮುಚ್ಚಿ ಕನ್ನಡಕ ತೆಗೆದಿಟ್ಟರು. ವೇಮಗಲ್‌ಗೆ ಬೇಡವೆಂದದ್ದು ಮುಳಬಾಗಿಲಿಗೆ ಬೇಕೆಂದಾಗುತ್ತದೆಯೇ? ಲೆಕ್ಕದ ಮೇಷ್ಟ್ರಾದರೂ ನನಗೆ ಈ ಲೆಕ್ಕ ಬಿಡಿಸಲಾಗಲಿಲ್ಲ. ಇನ್ನು ನಿಲ್ಲುವುದು ಚೆನ್ನಲ್ಲವೆಂದು ಕೈಮುಗಿದು ಹೊರಟೆ. ಸ್ಟೇಷನ್ನಿಗೆ ಹೋಗುವ ದಾರಿ ಅವತ್ತಿನಷ್ಟು ಉದ್ದ ಎಂದೂ ಇರಲಿಲ್ಲ.

ಸ್ಟೇಷನ್ನಿನಲ್ಲಿ ರೈಲಿರಲಿಲ್ಲ. “ಆಗ್ಲೇ ಹೋಯ್ತಲ್ಲ ಸ್ವಾಮಿ, ಇನ್ನು ನಾಳೇನೆ,” ಎಂದ ಪೋರ್ಟರು. ಆ ಊರಿನಲ್ಲಿ ನನಗೆ ಗೊತ್ತಿದ್ದುದು ಒಂದೇ ಮನೆ. ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂತೆ, ಬಾವಿಯಲ್ಲಿ ನೀರು ಸೇದಿ ಕುಡಿದೆ. ಕೊನೆಗೆ ನಾಚಿಕೆ ಬಿಟ್ಟು ಬಂದ ದಾರಿಯಲ್ಲೇ ವಾಪಸು ನಡೆದೆ.

ಬಾಗಿಲು ತೆರೆದವಳು ಅವಳೇ.

“ರೈಲು ಹೋಗ್ಬಿಟ್ಟಿದೆ,” ಎಂದೆ.

“ಗೊತ್ತು. ನೀವು ಅಪ್ಪನ ಮುಂದೆ ನಿಂತಿದ್ದಾಗ್ಲೇ ಹೋಯ್ತು. ರೈಲು ಕೂಗಿದ್ದು ನನಗೆ ಕೇಳಿಸ್ತು.”

“ಮತ್ತೆ ಹೇಳ್ಬಾರ್ದಾಗಿತ್ತಾ?”

“ನೀವು ಹೊರಟಾಗ ಅಪ್ಪ ಕೂಗಿ ಕರೆಯೋಕೆ ಹೋದ್ರು. ನಾನೇ ಬೇಡ ಅಂದೆ.” ಅವಳು ಬಾಗಿಲ ಚಿಲಕವನ್ನು ಸುಮ್ಮನೆ ಆಡಿಸುತ್ತ ನಿಂತಳು. ತಲೆ ಎತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. “ನೀವೊಂದು ವಿಷಯ ನನ್ನ ಹತ್ರ ಮುಚ್ಚಿಟ್ರಿ. ನಾನೂ ಒಂದು ಮುಚ್ಚಿಟ್ಟೆ. ಈಗ ಸರಿಹೋಯ್ತು. ಒಳಗೆ ಬನ್ನಿ, ಅಪ್ಪ ಪಂಚಾಂಗ ತೆಗೆದಿಟ್ಕೊಂಡು ಕಾಯ್ತವ್ರೆ.”